ಪರಿಚಯವೆಂಬ ಮೊದಲ ಪರೀಕ್ಷೆ

ಸಿಇಟಿ ಸೀಟು ಹಂಚಿಕೆಯ ಗದ್ದಲ ಮುಗಿದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೊದಲ ವರ್ಷದ ತರಗತಿಗಳು ಆರಂಭವಾಗುವ ಹೊತ್ತಿಗೆ ರಾಜ್ಯದ ಉದ್ದಗಲಕ್ಕೂ ಒಂದು ಪರೀಕ್ಷೆ ನಡೆಯುತ್ತದೆ. ಅದಕ್ಕೆ ಪಠ್ಯಕ್ರಮವಿಲ್ಲ, ವೇಳಾಪಟ್ಟಿಯಿಲ್ಲ, ಮರುಮೌಲ್ಯಮಾಪನವಂತೂ ಇಲ್ಲವೇ ಇಲ್ಲ. ಅಧ್ಯಾಪಕರು ತರಗತಿಗೆ ಬಂದು, ಒಬ್ಬೊಬ್ಬರಾಗಿ ಎದ್ದು ನಿಂತು ನಿಮ್ಮ ಪರಿಚಯ ಮಾಡಿಕೊಳ್ಳಿ ಎನ್ನುತ್ತಾರೆ. ಹೆಸರು, ಊರು, ತಂದೆಯ ಉದ್ಯೋಗ, ಓದಿದ ಕಾಲೇಜು, ಆಸಕ್ತಿ, ಹವ್ಯಾಸ ಎಲ್ಲವನ್ನೂ ಒಂದು ನಿಮಿಷದಲ್ಲಿ, ಇಂಗ್ಲಿಷಿನಲ್ಲಿ ಹೇಳಿ ಮುಗಿಸಬೇಕು. ಕೇಳುವವರ ಮಟ್ಟಿಗೆ ಇದೊಂದು ಸೌಜನ್ಯ. ಆದರೆ ತರಗತಿಯ ಕೆಲವರ ಪಾಲಿಗೆ, ಮುಂದಿನ ನಾಲ್ಕು ವರ್ಷ ಯಾವ ಬೆಂಚಿನಲ್ಲಿ ಕೂರಬೇಕು, ಪ್ರಶ್ನೆ ಕೇಳಬೇಕೋ ಬಾಯಿ ಮುಚ್ಚಿಕೊಂಡಿರಬೇಕೋ ಎಂಬುದು ಆ ಒಂದು ನಿಮಿಷದಲ್ಲೇ ತೀರ್ಮಾನವಾಗಿಬಿಡುತ್ತದೆ.

ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ವಿಜಯಪುರ–ಕಲಬುರಗಿ ಹೆದ್ದಾರಿಯಲ್ಲಿ ಓಡಾಡುವವರಿಗೆ ಅದು ಟೋಲ್ ನಾಕೆಯೊಂದರ ಹೆಸರಾಗಿ ಪರಿಚಿತ. ಎರೆಭೂಮಿ, ಹಿಂಗಾರಿ ಜೋಳ, ತೊಗರಿ, ಮಳೆ ಕೈಕೊಟ್ಟ ವರ್ಷಗಳಲ್ಲಿ ಪುಣೆ, ಗೋವಾಗಳಿಗೆ ದುಡಿಯಲು ಹೋಗುವ ಕುಟುಂಬಗಳು: ಆ ಸೀಮೆಯ ಹಳ್ಳಿಗಳ ಸಾಮಾನ್ಯ ಚಿತ್ರ ಇದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಅಂದಿನ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿತ್ತು. ಸಿಂದಗಿ ಅವುಗಳಲ್ಲಿ ಒಂದು. ಇಂಥ ಹಳ್ಳಿಯ ಮಗ ಅಥವಾ ಮಗಳು ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿ ವಿಜ್ಞಾನಕ್ಕೆಂದು ಸಿಂದಗಿಗೋ ವಿಜಯಪುರಕ್ಕೋ ಹೋಗಿ, ಭೌತವಿಜ್ಞಾನ, ಗಣಿತಗಳನ್ನು ಒಮ್ಮೆಲೇ ಇಂಗ್ಲಿಷಿನಲ್ಲಿ ಎದುರಿಸಿ, ಸಿಇಟಿಯಲ್ಲಿ ರ‍್ಯಾಂಕ್ ಪಡೆದು ಬೆಂಗಳೂರು, ಹುಬ್ಬಳ್ಳಿ ಅಥವಾ ಬೆಳಗಾವಿಯ ತರಗತಿಯೊಂದರಲ್ಲಿ ಬಂದು ಕೂರುವುದು ಸಣ್ಣ ಸಾಧನೆಯಲ್ಲ.

ಆ ತರಗತಿಗೆ ಬರುವ ಮೊದಲು ಆ ವಿದ್ಯಾರ್ಥಿ ಇನ್ನೊಂದು ಕಡೆ ತನ್ನ ಪರಿಚಯ ಮಾಡಿಕೊಂಡಿರುತ್ತಾನೆ. ಅದು ಸರ್ಕಾರಕ್ಕೆ. ಅಲ್ಲಿ ಮಾತು ಬೇಕಿಲ್ಲ, ಪ್ರಮಾಣಪತ್ರ ಬೇಕು. ಜಾತಿ, ಆದಾಯ, ವ್ಯಾಸಂಗ ಹೀಗೆ ಕಾಗದಗಳ ಮೇಲೆ ಕಾಗದ. ಅವುಗಳಲ್ಲಿ ಎರಡು ಇಲ್ಲಿ ನಮಗೆ ಮುಖ್ಯ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಗಳಲ್ಲಿ ಓದಿದವರಿಗೆ ವೃತ್ತಿಶಿಕ್ಷಣದ ಸರ್ಕಾರಿ ಸೀಟುಗಳಲ್ಲಿ ನಿಯಮಗಳಿಗೆ ಒಳಪಟ್ಟು ಶೇ 15ರಷ್ಟು ಒಳಮೀಸಲಾತಿ ಇದೆ. ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರಷ್ಟಿದೆ. ಹಳ್ಳಿಯಲ್ಲಿ ಓದಿದ್ದು, ಕನ್ನಡದಲ್ಲಿ ಓದಿದ್ದು ಈ ಎರಡನ್ನೂ ಸಮಾಜ ಗೌರವದಿಂದ ಗಮನಿಸಬೇಕು ಎಂಬುದು ಈ ವ್ಯವಸ್ಥೆಯ ಹಿಂದಿರುವ ತಾತ್ಪರ್ಯ. ಸೀಟು ದೊರೆಯುವುದು ಯಾವ ಎರಡು ಸಂಗತಿಗಳ ಆಧಾರದ ಮೇಲೋ, ತರಗತಿಯ ಮೊದಲ ಗಂಟೆಯಲ್ಲಿ ಆ ಎರಡನ್ನೇ ಆತ ಮುಚ್ಚಿಡಬೇಕಾಗುತ್ತದೆ. ಸರ್ಕಾರ ಅರ್ಹತೆಯೆಂದು ಬರೆದುಕೊಂಡದ್ದನ್ನು ಕಾಲೇಜು ಕೊರತೆಯೆಂದು ಓದಿಕೊಳ್ಳುತ್ತದೆ.

ಸಿಂದಗಿಯ ಮಟ್ಟಿಗೆ ಇನ್ನೊಂದು ವಿಚಿತ್ರವೂ ಇದೆ. ಪಕ್ಕದ ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸಿಂದಗಿ ಮುಂಬೈ ಪ್ರಾಂತ್ಯದಲ್ಲಿತ್ತು. ಸಂವಿಧಾನಕ್ಕೆ 2012ರಲ್ಲಿ 98ನೇ ತಿದ್ದುಪಡಿಯಾಗಿ ಸೇರಿದ 371(ಜೆ) ವಿಧಿಯ ಸೌಲಭ್ಯ ಗಡಿಗೆರೆಯ ಆಚೆಗಿನ ವಿದ್ಯಾರ್ಥಿಗೆ ಉಂಟು, ಈಚೆಗಿನವನಿಗೆ ಇಲ್ಲ. ಒಂದೇ ಮಣ್ಣು, ಒಂದೇ ಮಳೆ, ಒಂದೇ ಮಾತು. ಆದರೆ ಅರ್ಜಿಯ ಕಾಲಂ ಬೇರೆ. ಆ ವಿಧಿಯ ಔಚಿತ್ಯವನ್ನು ನಾನು ಇಲ್ಲಿ ಚರ್ಚಿಸುತ್ತಿಲ್ಲ. ನನ್ನ ಮಾತು ಇಷ್ಟೇ: ಕನ್ನೊಳ್ಳಿಯ ವಿದ್ಯಾರ್ಥಿಗೆ ವಿಶೇಷ ಪ್ರದೇಶದ ರಕ್ಷೆಯಿಲ್ಲ. ಅವನ ಕೈಯಲ್ಲಿ ಇರುವುದು ತನ್ನ ಊರು ಮತ್ತು ತನ್ನ ನುಡಿ. ಅವೆರಡನ್ನೂ ಬಾಗಿಲ ಹೊರಗೆ ಬಿಟ್ಟು ಬಾ ಎಂದರೆ ಅವನ ಬಳಿ ಉಳಿಯುವುದೇನು?

ಮೊದಲ ವರ್ಷದ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾತನಾಡುವ ಅವಕಾಶ ನಿವೃತ್ತಿಯ ಬಳಿಕ ನನಗೆ ಕೆಲವು ಕಡೆ ದೊರೆತಿದೆ. ಅಂಥ ಸಂದರ್ಭಗಳಲ್ಲಿ ಈ ಪರಿಚಯಗಳನ್ನು ಆಸಕ್ತಿಯಿಂದ ಕೇಳಿದ್ದೇನೆ. ಮೊದಲು ಕಾಣೆಯಾಗುವುದು ಊರು. ಹಳ್ಳಿಯಿಂದ ಬಂದವರು ಹಳ್ಳಿಯ ಹೆಸರು ಹೇಳುವುದಿಲ್ಲ. ತಾಲ್ಲೂಕನ್ನು ದಾಟಿ ಜಿಲ್ಲೆಯ ಹೆಸರಿಗೆ ಬಂದು ನಿಲ್ಲುತ್ತಾರೆ. ಎರಡನೆಯದಾಗಿ ಮರೆಯಾಗುವುದು ತಂದೆಯ ಉದ್ಯೋಗ. ಒಕ್ಕಲುತನ ಎಂಬುದು ಅನುವಾದವಾಗುವಾಗ ಧ್ವನಿ ತಗ್ಗುತ್ತದೆ. ಕೂಲಿ ಎಂಬುದು ಅನುವಾದವಾಗುವುದೇ ಇಲ್ಲ. ಮೂರನೆಯದು ಆಸಕ್ತಿಗಳ ಸರದಿ. ಅಲ್ಲಿ ಎಲ್ಲರದೂ ಒಂದೇ ಉತ್ತರ: ಕ್ರಿಕೆಟ್ ಆಡುವುದು, ಹಾಡು ಕೇಳುವುದು, ಪುಸ್ತಕ ಓದುವುದು. ಅರವತ್ತು ಮಂದಿ ಎದ್ದು ಕೂತ ಮೇಲೆ ಅಧ್ಯಾಪಕರಿಗೆ ಯಾರ ವಿಷಯವೂ ಗೊತ್ತಾಗಿರುವುದಿಲ್ಲ. ಯಾರಿಗೆ ಇಂಗ್ಲಿಷ್ ಸರಾಗವಾಗಿದೆ, ಯಾರಿಗಿಲ್ಲ ಎಂಬುದು ಮಾತ್ರ ಎಲ್ಲರಿಗೂ ಗೊತ್ತಾಗಿರುತ್ತದೆ.

ಆಸಕ್ತಿ, ಹವ್ಯಾಸ ಎಂಬ ಪ್ರಶ್ನೆಯೇ ಸ್ವಲ್ಪ ಬಿಡುವುಳ್ಳ ಮನೆಗಳಿಂದ ಬಂದದ್ದು. ಶಾಲೆಯ ಬಳಿಕ ಚಿತ್ರಕಲೆಗೋ ಈಜಿಗೋ ಗಿಟಾರಿಗೋ ಮಕ್ಕಳನ್ನು ಕಳಿಸುವ ಮನೆಯಲ್ಲಿ ಹವ್ಯಾಸಕ್ಕೆ ಹೆಸರಿರುತ್ತದೆ. ಕೆಲವೊಮ್ಮೆ ಪ್ರಮಾಣಪತ್ರವೂ ಇರುತ್ತದೆ. ಹೊಲದ ಮೋಟಾರು ಸುಟ್ಟಾಗ ಸ್ಟಾರ್ಟರ್ ಬಿಚ್ಚಿ ರಿಲೇ ನೋಡುವ ಹುಡುಗನಿಗೆ ಅದು ಹವ್ಯಾಸವೆಂದು ಯಾರೂ ಹೇಳಿಕೊಟ್ಟಿಲ್ಲ, ಅದು ಮನೆಗೆಲಸ. ತಾಯಿಯ ಸ್ವಸಹಾಯ ಸಂಘದ ಉಳಿತಾಯ, ಸಾಲ, ಬಡ್ಡಿಗಳ ಲೆಕ್ಕವನ್ನು ಎಂಟನೇ ತರಗತಿಯಿಂದ ಬರೆದಿಡುವ ಹುಡುಗಿಗೆ ಅದು ಆಸಕ್ತಿಯೆಂದು ಅನಿಸಿಲ್ಲ. ಅದು ಅಕ್ಷರ ಬಲ್ಲ ಮಗಳ ಕರ್ತವ್ಯ. ಹೀಗಾಗಿ ವಿದ್ಯುತ್ ವಿಭಾಗಕ್ಕೆ ತಕ್ಕವನೂ ದತ್ತಾಂಶ ವಿಜ್ಞಾನಕ್ಕೆ ತಕ್ಕವಳೂ ಎದ್ದು ನಿಂತು, ತಮಗೆ ವಿಶೇಷ ಆಸಕ್ತಿಗಳೇನೂ ಇಲ್ಲ ಎಂಬ ಅರ್ಥದ ಅರ್ಧ ವಾಕ್ಯ ಹೇಳಿ ಕೂತುಬಿಡುತ್ತಾರೆ. ಪ್ರಶ್ನೆ ತಪ್ಪಾಗಿದ್ದರೆ ಉತ್ತರ ಸರಿಯಾಗುವುದು ಹೇಗೆ?

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇಲ್ಲಿ ಮೈಕೆಲ್ ಸ್ಪೆನ್ಸ್ ನೆನಪಾಗುತ್ತಾರೆ. ಉದ್ಯೋಗದ ಮಾರುಕಟ್ಟೆಯಲ್ಲಿ ಮಾಲೀಕನಿಗೆ ಅಭ್ಯರ್ಥಿಯ ನಿಜವಾದ ಸಾಮರ್ಥ್ಯ ಕಾಣುವುದಿಲ್ಲ, ಆದುದರಿಂದ ಆತ ಸಂಕೇತಗಳನ್ನು ನೋಡುತ್ತಾನೆ ಎಂದು ಅವರು 1973ರಲ್ಲಿ ವಾದಿಸಿದರು. ಈ ಬಗೆಯ ಚಿಂತನೆಗೆ 2001ರಲ್ಲಿ ಅವರಿಗೆ ಜಾರ್ಜ್ ಅಕರ್ಲಾಫ್ ಹಾಗೂ ಜೋಸೆಫ್ ಸ್ಟಿಗ್ಲಿಟ್ಜ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಆ ವಾದದಲ್ಲಿ ಒಂದು ಷರತ್ತಿದೆ. ಸಂಕೇತ ಸತ್ಯ ಹೇಳಬೇಕಾದರೆ ಅದನ್ನು ಪಡೆಯುವ ವೆಚ್ಚ ಸಮರ್ಥನಿಗೆ ಕಡಿಮೆ, ಅಸಮರ್ಥನಿಗೆ ಹೆಚ್ಚು ಇರಬೇಕು. ನಿರರ್ಗಳ ಇಂಗ್ಲಿಷಿನ ವಿಷಯದಲ್ಲಿ ಈ ಷರತ್ತು ಮುರಿದುಬೀಳುತ್ತದೆ. ಅದರ ವೆಚ್ಚ ಬುದ್ಧಿಯನ್ನು ಅವಲಂಬಿಸಿಲ್ಲ. ಹುಟ್ಟಿದ ಊರು, ಓದಿದ ಶಾಲೆ, ತಂದೆಯ ಜೇಬು ಇವುಗಳನ್ನು ಅವಲಂಬಿಸಿದೆ. ನಗರದ ಮಗುವಿಗೆ ಅದು ಬಿಟ್ಟಿಯಾಗಿ ಬಂದದ್ದು. ಕನ್ನೊಳ್ಳಿಯ ಮಗುವಿಗೆ ಅದು ವರ್ಷಗಳ ದುಡಿಮೆ. ಆ ಒಂದು ನಿಮಿಷದ ಪರಿಚಯ ಕೊಡುವ ಮಾಹಿತಿ ವಿದ್ಯಾರ್ಥಿಯದ್ದಲ್ಲ, ಅವನ ಮನೆತನದ್ದು.

ಸೇವೆಯಲ್ಲಿದ್ದಾಗ ನೇಮಕಾತಿಯ ಸಂದರ್ಶನ ಮಂಡಳಿಗಳಲ್ಲಿ ಕುಳಿತು ನಾನು ಗಮನಿಸಿದ್ದೂ ಇದನ್ನೇ. ನಿಮ್ಮ ಬಗ್ಗೆ ಹೇಳಿ ಎಂದಾಗ ತಡವರಿಸಿದ ಅಭ್ಯರ್ಥಿಯನ್ನು ನಿಮ್ಮ ಊರಿನ ಕೆರೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಕುರ್ಚಿಯ ಅಂಚಿಗೆ ಬಂದು ಮಾತನಾಡುತ್ತಿದ್ದ. ತನ್ನ ಬಗ್ಗೆ ಮಾತನಾಡುವುದು ನಮ್ಮ ಗ್ರಾಮೀಣ ಸಂಸ್ಕಾರದಲ್ಲಿ ಹೆಚ್ಚುಗಾರಿಕೆ ಎನಿಸಿಕೊಳ್ಳುತ್ತದೆ. ತಾನು ಕಂಡದ್ದರ, ಮಾಡಿದ್ದರ ಬಗ್ಗೆ ಮಾತನಾಡಲು ಯಾರಿಗೂ ಸಂಕೋಚವಿಲ್ಲ.

ಪರಿಚಯ ಎಂಬ ಪದಕ್ಕೆ ಹಾಸ್ಟೆಲುಗಳಲ್ಲಿ ಇನ್ನೊಂದು ಕರಾಳ ಅರ್ಥವೂ ಇತ್ತು ಎಂಬುದನ್ನು ಮರೆಯಬಾರದು. ಹಿರಿಯ ವಿದ್ಯಾರ್ಥಿಗಳು ಕಿರಿಯರನ್ನು ಕೋಣೆಗೆ ಕರೆದು ಪೀಡಿಸುವುದು ಆರಂಭವಾಗುತ್ತಿದ್ದುದೇ ‘ಇಂಟ್ರೊ ಕೊಡು’ ಎಂಬ ಆಜ್ಞೆಯಿಂದ. ಉಚ್ಚಾರದ ಅಣಕ, ಊರಿನ ಹೆಸರಿನ ಅಣಕ ಅದರ ಮೊದಲ ಮೆಟ್ಟಿಲು. ಸುಪ್ರೀಂ ಕೋರ್ಟಿನ ನಿರ್ದೇಶನದ ಹಿನ್ನೆಲೆಯಲ್ಲಿ 2009ರಲ್ಲಿ ಯುಜಿಸಿ ಮತ್ತು ಎಐಸಿಟಿಇ ರ‍್ಯಾಗಿಂಗ್ ವಿರುದ್ಧ ಕಟ್ಟುನಿಟ್ಟಿನ ನಿಯಮಾವಳಿ ತಂದವು. ಹಾಸ್ಟೆಲಿನ ಕೋಣೆಯಲ್ಲಿ ಶಿಕ್ಷಾರ್ಹವಾದ ಅಣಕವು ತರಗತಿಯಲ್ಲಿ ಸಣ್ಣ ನಗೆಯ ರೂಪದಲ್ಲಿ ಉಳಿದುಕೊಂಡರೆ ಯಾವ ನಿಯಮಾವಳಿಯೂ ಅದನ್ನು ಹಿಡಿಯಲಾರದು. ಅದನ್ನು ತಡೆಯಬಲ್ಲವರು ಅಧ್ಯಾಪಕರು ಮಾತ್ರ.

ಹಾಗಾದರೆ ಇಂಗ್ಲಿಷ್ ಬೇಡವೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಖಂಡಿತ ಬೇಕು. ಪಠ್ಯ ಇಂಗ್ಲಿಷಿನಲ್ಲಿದೆ, ಪರೀಕ್ಷೆ ಇಂಗ್ಲಿಷಿನಲ್ಲಿದೆ, ನಾಲ್ಕನೇ ವರ್ಷದಲ್ಲಿ ಕಾಲೇಜಿಗೆ ಬರುವ ಕಂಪೆನಿಗಳು ಕೇಳುವುದೂ ಇಂಗ್ಲಿಷಿನಲ್ಲಿ. 2021ರಲ್ಲಿ ಎಐಸಿಟಿಇ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಾಗ ಕನ್ನಡದಲ್ಲಿ ಓದಲು ನಮ್ಮ ವಿದ್ಯಾರ್ಥಿಗಳು ಉತ್ಸಾಹ ತೋರಲಿಲ್ಲ. ಅದಕ್ಕಾಗಿ ಅವರನ್ನು ದೂಷಿಸುವುದು ಸರಿಯಲ್ಲ. ಉದ್ಯೋಗದ ಬಾಗಿಲು ಯಾವ ಭಾಷೆಯಲ್ಲಿ ತೆರೆಯುತ್ತದೆ ಎಂಬುದು ಹಳ್ಳಿಯ ತಂದೆಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೆ ಕಲಿಸಬೇಕಾದ ಸಂಗತಿಯನ್ನು ಮೊದಲ ದಿನವೇ ಪರೀಕ್ಷಿಸುವುದು ಯಾವ ಶಿಕ್ಷಣತತ್ವ? ಕ್ಯಾಲ್ಕುಲಸ್ ಬಾರದವನನ್ನು ಮೊದಲ ಗಂಟೆಯಲ್ಲೇ ಕರಿಹಲಗೆಯ ಮುಂದೆ ನಿಲ್ಲಿಸಿ ಸಮೀಕರಣ ಬಿಡಿಸು ಎನ್ನುವುದಿಲ್ಲ. ಆರು ತಿಂಗಳು ಪಾಠ ಮಾಡಿ ಆಮೇಲೆ ಪರೀಕ್ಷಿಸುತ್ತೇವೆ. ಭಾಷೆಗೂ ಅಷ್ಟೇ ಸಹನೆ ಬೇಕು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲೇ ಇದಕ್ಕೆ ಒಂದು ಮಾದರಿ ಇದೆ. 2022ರ ಪಠ್ಯಕ್ರಮ ಮೊದಲ ವರ್ಷದಲ್ಲಿ ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’ವನ್ನೂ ಬಾರದವರಿಗೆ ‘ಬಳಕೆ ಕನ್ನಡ’ವನ್ನೂ ಇರಿಸಿತು. ಪಟ್ನಾದಿಂದಲೋ ಕೊಚ್ಚಿಯಿಂದಲೋ ಬಂದ ವಿದ್ಯಾರ್ಥಿ ನನ್ನ ಹೆಸರು ಇಂಥದು ಎಂದು ಕನ್ನಡದಲ್ಲಿ ತಪ್ಪುತಪ್ಪಾಗಿ ಹೇಳಿದರೆ ತರಗತಿ ಮೆಚ್ಚಿ ಚಪ್ಪಾಳೆ ತಟ್ಟುತ್ತದೆ. ಅದು ಸರಿಯೇ. ಕನ್ನೊಳ್ಳಿಯವನು ಅದೇ ಮಾತನ್ನು ಇಂಗ್ಲಿಷಿನಲ್ಲಿ ತಪ್ಪುತಪ್ಪಾಗಿ ಹೇಳಿದಾಗಲೂ ಆ ಚಪ್ಪಾಳೆ ಕೇಳಿಬರಬೇಕಲ್ಲವೇ?

ತನ್ನನ್ನು ತಾನು ಪರಿಚಯಿಸಿಕೊಳ್ಳುವ ಬಗೆಯನ್ನು ಬಿಜಾಪುರ ಸೀಮೆಗೆ ಹೊರಗಿನವರು ಕಲಿಸಬೇಕಿಲ್ಲ. ಬಸವಣ್ಣ ಹುಟ್ಟಿದ ಬಸವನ ಬಾಗೇವಾಡಿ, ಮಡಿವಾಳ ಮಾಚಯ್ಯನ ದೇವರಹಿಪ್ಪರಗಿ ಎರಡೂ ಇದೇ ಜಿಲ್ಲೆಯಲ್ಲಿವೆ. ಹನ್ನೆರಡನೇ ಶತಮಾನದ ಶರಣರ ಹೆಸರುಗಳನ್ನು ಒಮ್ಮೆ ಗಮನಿಸಿ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ. ಬಟ್ಟೆ ಒಗೆಯುವವನು, ದೋಣಿ ನಡೆಸುವವನು, ಬುಟ್ಟಿ ಹೆಣೆಯುವವನು ತನ್ನ ಕೆಲಸವನ್ನು ಮರೆಮಾಚಲಿಲ್ಲ. ಅದನ್ನೇ ಹೆಸರಿನ ಮುಂದಿಟ್ಟುಕೊಂಡು ಅನುಭವ ಮಂಟಪದಲ್ಲಿ ಮಾತನಾಡಿದ. ಅಲ್ಲಿ ಪರಿಚಯವೆಂದರೆ ಕಾಯಕ. ಈ ಪರಂಪರೆಯ ತಾಳೆಗರಿಗಳನ್ನು ಮನೆಮನೆ ಅಲೆದು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಡಾ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದವರು. ಅಲ್ಲಿನ ಬಿಎಲ್‌ಡಿಇ ಸಂಸ್ಥೆಯ ಸ್ಥಾಪಕರು. 1980ರಲ್ಲಿ ಆ ಸಂಸ್ಥೆ ಆರಂಭಿಸಿದ ಎಂಜಿನಿಯರಿಂಗ್ ಕಾಲೇಜು ಇಂದು ಅವರ ಹೆಸರನ್ನೇ ಹೊತ್ತಿದೆ. ಕನ್ನಡದ ಓಲೆಗಳಿಗಾಗಿ ಬದುಕು ಸವೆಸಿದ ವ್ಯಕ್ತಿಯ ಹೆಸರು ತಾಂತ್ರಿಕ ವಿದ್ಯೆಯ ಬಾಗಿಲ ಮೇಲಿರುವುದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ.

ಇದು ಭಾವುಕತೆಯ ಮಾತಲ್ಲ, ಎಂಜಿನಿಯರಿಂಗಿನದ್ದೇ ಮಾತು. ಬೇಸಿಗೆಯಲ್ಲಿ ಎರೆಹೊಲ ಕೈ ತೂರುವಷ್ಟು ಬಿರಿಯುವುದನ್ನೂ ಮಳೆ ಬಿದ್ದೊಡನೆ ಉಬ್ಬಿ ಕೂಡಿಕೊಳ್ಳುವುದನ್ನೂ ಕಂಡ ವಿದ್ಯಾರ್ಥಿಗೆ, ಉಬ್ಬುವ ಮಣ್ಣಿನ ಮೇಲೆ ಅಡಿಪಾಯ ಹಾಕುವ ಕಷ್ಟವನ್ನು ಸಿವಿಲ್ ವಿಭಾಗದ ಪಠ್ಯ ಹೇಳುವ ಮೊದಲೇ ಮನೆಯ ಗೋಡೆಯ ಬಿರುಕು ಹೇಳಿರುತ್ತದೆ. ಜೋಳವನ್ನು ನೆಲದಡಿಯ ಹಗೇವಿನಲ್ಲಿ ಕೆಡದಂತೆ ಇಡುವ ಹಿರಿಯರ ಜಾಣ್ಮೆ, ಡೋಣಿ ನದಿಯ ಉಪ್ಪುನೀರು ಮತ್ತು ಹೂಳು, 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಂಡೆಯ ಹಳ್ಳಿಗಳನ್ನು ನುಗ್ಗಿದ ಬಗೆ, ನಾರಾಯಣಪುರದ ನೀರನ್ನು ಹೊತ್ತು ಬರುವ ಇಂಡಿ ಶಾಖಾ ಕಾಲುವೆಯ ತುದಿಯ ರೈತರ ಕಾಯುವಿಕೆ ಇವೆಲ್ಲ ತಾಂತ್ರಿಕ ಪ್ರಶ್ನೆಗಳೇ. ಅದೇ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ; ಜಿಲ್ಲಾ ಕೇಂದ್ರದಲ್ಲಿ 1656ರಲ್ಲಿ ಪೂರ್ಣಗೊಂಡ ಗೋಳಗುಮ್ಮಟವಿದೆ. ಇವುಗಳ ನಡುವೆ ಬೆಳೆದವನು ತನಗೆ ಹೇಳಿಕೊಳ್ಳಲು ಏನೂ ಇಲ್ಲವೆಂದು ನಂಬಿಕೊಂಡರೆ ನಷ್ಟ ಅವನೊಬ್ಬನದಲ್ಲ. ನಾಳೆ ಡೋಣಿಯ ಹೂಳಿಗೆ, ಕಾಲುವೆಯ ತುದಿಗೆ ಪರಿಹಾರ ಹುಡುಕಬೇಕಾದ ಎಂಜಿನಿಯರ್ ತನ್ನ ಸಮಸ್ಯೆಯನ್ನು ಮೊದಲ ವರ್ಷದಲ್ಲೇ ಮರೆತಿರುತ್ತಾನೆ.

ಮಾಡಬೇಕಾದದ್ದು ದೊಡ್ಡದೇನಲ್ಲ, ದುಬಾರಿಯೂ ಅಲ್ಲ. ಎಐಸಿಟಿಇ ತನ್ನ 2018ರ ಮಾದರಿ ಪಠ್ಯಕ್ರಮದಲ್ಲಿ ಮೊದಲ ವರ್ಷದವರಿಗೆ ಮೂರು ವಾರಗಳ ಪರಿಚಯಾತ್ಮಕ ಕಾರ್ಯಕ್ರಮವನ್ನು ಕಡ್ಡಾಯಗೊಳಿಸಿದೆ. ಸುಮಾರು ಇಪ್ಪತ್ತು ವಿದ್ಯಾರ್ಥಿಗಳ ಗುಂಪಿಗೆ ಒಬ್ಬ ಮಾರ್ಗದರ್ಶಿ ಅಧ್ಯಾಪಕ, ಸ್ಥಳೀಯ ಪ್ರದೇಶಗಳ ಭೇಟಿ, ಮೌಲ್ಯಗಳ ಚರ್ಚೆ ಎಲ್ಲವೂ ಅದರಲ್ಲಿವೆ. ಅನೇಕ ಕಡೆ ಅದು ಭಾಷಣಗಳ ಸರಣಿಯಾಗಿ ಮುಗಿದುಹೋಗುತ್ತಿದೆ. ಆ ಮೂರು ವಾರಗಳಲ್ಲಿ ನಾಲ್ಕು ಕೆಲಸಗಳಾಗಲಿ. ಒಂದು, ಪರಿಚಯ ಅರವತ್ತು ಮಂದಿಯ ಮುಂದೆ ಬೇಡ. ಇಪ್ಪತ್ತರ ಗುಂಪಿನಲ್ಲಿ, ವಿದ್ಯಾರ್ಥಿಗೆ ಬೇಕಾದ ಭಾಷೆಯಲ್ಲಿ ನಡೆಯಲಿ. ಕನ್ನಡ ತಿಳಿಯದ ಸಹಪಾಠಿಗೆ ಪಕ್ಕದವನು ಅನುವಾದಿಸಿ ಹೇಳಲಿ. ಸ್ನೇಹ ಅಲ್ಲಿಂದಲೇ ಆರಂಭವಾದೀತು. ಎರಡು, ಹವ್ಯಾಸವೇನು ಎಂದು ಕೇಳುವ ಬದಲು ನಿನ್ನ ಊರಿನಲ್ಲಿ ಕೆಟ್ಟುನಿಂತಿರುವ ಯಾವುದನ್ನು ಸರಿಪಡಿಸಬೇಕು ಅನಿಸುತ್ತದೆ, ನಿನ್ನ ಮನೆಯಲ್ಲಿ ನೀನು ಮಾಡುತ್ತಿದ್ದ ಕೆಲಸ ಯಾವುದು ಎಂದು ಕೇಳಲಿ. ಮೂರು, ಆ ಉತ್ತರಗಳನ್ನು ಮಾರ್ಗದರ್ಶಿ ಬರೆದಿಟ್ಟುಕೊಂಡು ಕೊನೆಯ ವರ್ಷದ ಪ್ರಾಜೆಕ್ಟ್ ಆರಿಸುವಾಗ ವಿದ್ಯಾರ್ಥಿಯ ಮುಂದಿಡಲಿ. ನಾಲ್ಕು, ಇಂಗ್ಲಿಷ್ ಮಾತುಗಾರಿಕೆಗೆ ವಾರಕ್ಕಿಷ್ಟು ಗಂಟೆಗಳೆಂದು ಮೀಸಲಿಟ್ಟು, ಚಿಕ್ಕ ಗುಂಪುಗಳಲ್ಲಿ, ನಗುವವರಿಲ್ಲದ ಕೋಣೆಯಲ್ಲಿ ಕಲಿಸಲಿ. ವರ್ಷದ ಕೊನೆಗೆ ಅದೇ ಪರಿಚಯವನ್ನು ಇಂಗ್ಲಿಷಿನಲ್ಲಿ ಹೇಳಿಸಲಿ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಅನುದಾನ ಬೇಕಿಲ್ಲ, ಸಂಪುಟದ ಒಪ್ಪಿಗೆಯೂ ಬೇಕಿಲ್ಲ. ಆಡಳಿತದಲ್ಲಿ ಮೂರು ದಶಕ ಕಳೆದವನಾಗಿ ನನಗೆ ಗೊತ್ತಿರುವ ಸಂಗತಿಯೆಂದರೆ, ಖರ್ಚಿಲ್ಲದ ಸುಧಾರಣೆಗಳೇ ಹೆಚ್ಚು ಕಾಲ ಕಡತದಲ್ಲಿ ಮಲಗಿರುತ್ತವೆ, ಏಕೆಂದರೆ ಅವುಗಳಿಗಾಗಿ ಬೆನ್ನು ಹತ್ತುವವರಿರುವುದಿಲ್ಲ. ಈ ವಿಷಯದಲ್ಲಿ ಕಡತವೇ ಬೇಕಿಲ್ಲ ಎಂಬುದು ಸಮಾಧಾನ. ತರಗತಿಗೆ ಕಾಲಿಡುವ ಒಬ್ಬ ಅಧ್ಯಾಪಕ, ಒಬ್ಬ ಅಧ್ಯಾಪಕಿ ಮನಸ್ಸು ಮಾಡಿದರೆ ಸಾಕು.

ಪರಿಚಯವೆಂಬುದು ಒಬ್ಬರ ಕೆಲಸವಲ್ಲ, ಇಬ್ಬರ ನಡುವಿನ ವ್ಯವಹಾರ. ವಿದ್ಯಾರ್ಥಿ ಎದ್ದು ನಿಂತು ತಾನು ಯಾರೆಂದು ಹೇಳುವ ಹೊತ್ತಿನಲ್ಲಿ ಕಾಲೇಜು ಕೂಡ ತಾನು ಎಂಥದ್ದೆಂದು ಅವನಿಗೆ ಹೇಳಿಬಿಟ್ಟಿರುತ್ತದೆ. ನಾನು ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯವಳು, ನಮ್ಮದು ಒಕ್ಕಲುತನ, ಪಂಪ್‌ಸೆಟ್ ಪದೇ ಪದೇ ಸುಡುವುದು ಏಕೆಂದು ತಿಳಿಯುವ ಆಸೆ ನನಗಿದೆ ಎಂದು ಒಬ್ಬ ವಿದ್ಯಾರ್ಥಿನಿ ತನ್ನ ಮಾತಿನಲ್ಲಿ, ತಗ್ಗದ ಧ್ವನಿಯಲ್ಲಿ ಹೇಳಲು ಸಾಧ್ಯವಾದರೆ ಆ ಕಾಲೇಜಿನಲ್ಲಿ ಎಂಜಿನಿಯರಿಂಗ್ ಶಿಕ್ಷಣ ಆಗಲೇ ಶುರುವಾಗಿದೆ ಎಂದು ನಾವು ತಿಳಿಯಬಹುದು.